ಪ್ರಕಾರ ಪರಿವರ್ತನೆ, ವೆಬ್ ಅಪ್ಲಿಕೇಶನ್‌ಗಳಲ್ಲಿ

ವೆಬ್ ಅಪ್ಲಿಕೇಶನ್‌ಗೆ ಹೊರಗಿನಿಂದ ಬರುವ ಅಕ್ಷರಸಾಲನ್ನು ಓದಿ, ಅದು ಸೂಚಿಸುವ ಸಂಖ್ಯೆ, ದಿನಾಂಕ, ಅಳತೆ, ಹೆಸರು ಅಥವಾ ಗುರುತಾಗಿ ಮಾರ್ಪಡಿಸುವ, ಮಾರ್ಪಡಿಸಲು ಬಾರದ್ದನ್ನು ಕಾರಣ ಹೇಳಿ ಹಿಂದಿರುಗಿಸುವ ಕ್ರಿಯೆಗೆ ಸುರಕ್ಷಿತ ಪ್ರಕಾರ ಪರಿವರ್ತನೆ ಎಂದು ಹೆಸರು. ಬ್ರೌಸರಿನ ಅರ್ಜಿ, ಮೊಬೈಲ್ ಆ್ಯಪ್, ಮತ್ತೊಂದು ಇಲಾಖೆಯ ಸರ್ವರ್, ಹಳೆಯ ಕಡತದಿಂದ ಬೆರಳಚ್ಚಾದ ಪಟ್ಟಿ ಇವೆಲ್ಲವೂ ಅಪ್ಲಿಕೇಶನ್ನಿನ ಬಾಗಿಲಿಗೆ ಬರುವಾಗ ಬರಿಯ ಬೈಟ್‌ಗಳು. ಅವುಗಳಿಗೆ ಅರ್ಥ ಬರುವುದು ಒಳಗೆ ಬಿಟ್ಟುಕೊಳ್ಳುವಾಗ.

ಈ ಲೇಖನದ ಉದಾಹರಣೆಗಳು ಯಾದಗಿರಿ ಜಿಲ್ಲೆಯ ಕೊಡೇಕಲ್ ಹೋಬಳಿಯಂಥ ಕಡೆಯ ಜಮೀನು ದಾಖಲೆಗೆ ಸಂಬಂಧಿಸಿದವು. ಒಂದು ಪಹಣಿಯಲ್ಲಿ ಹೆಸರು, ಅಳತೆ, ಸರ್ವೆ ನಂಬರು, ಹಣ, ವರ್ಷ ಎಲ್ಲವೂ ಒಂದೇ ಹಾಳೆಯ ಮೇಲಿರುತ್ತವೆ. ಹೀಗಾಗಿ ಪ್ರಕಾರ ಪರಿವರ್ತನೆಯ ಬಹುತೇಕ ತೊಡಕುಗಳನ್ನು ಅಲ್ಲಿಯೇ ನೋಡಬಹುದು. ಉದಾಹರಣೆಯ ಅಂಕಿಗಳು ಯಾವ ನಿಜ ಜಮೀನಿನವೂ ಅಲ್ಲ.

ಪರಿಭಾಷೆ

ಕಚ್ಚಾ ದತ್ತಾಂಶ ಎಂದರೆ ಇನ್ನೂ ಅರ್ಥ ನಿಗದಿಯಾಗದ ಅಕ್ಷರಸಾಲು ಅಥವಾ ಬೈಟ್‌ಸಾಲು. ಒಂದು ಮೌಲ್ಯ ಏನೇನು ಆಗಿರಬಹುದು, ಅದರ ಮೇಲೆ ಯಾವ ಕ್ರಿಯೆಗಳು ಸಲ್ಲುತ್ತವೆ ಎಂಬ ಕಟ್ಟಳೆ ಪ್ರಕಾರ. ರೂಢಿಯಲ್ಲಿ ಟೈಪ್ ಎಂದೇ ಹೇಳುವುದುಂಟು. ಅಕ್ಷರಸಾಲನ್ನು ವ್ಯಾಕರಣದಂತೆ ಬಿಡಿಸಿ ಓದಿ ಮೌಲ್ಯ ಕಟ್ಟುವುದು ಪಾರ್ಸಿಂಗ್. ಕಟ್ಟಿದ ಮೌಲ್ಯ ನಿಯಮಗಳಿಗೆ ಒಪ್ಪುತ್ತದೆಯೇ ಎಂದು ನೋಡುವುದು ತಪಾಸಣೆ. ಪ್ರೋಗ್ರಾಮಿಂಗ್ ಭಾಷೆ ಯಾರನ್ನೂ ಕೇಳದೆ ಒಂದು ಪ್ರಕಾರವನ್ನು ಇನ್ನೊಂದಾಗಿಸಿಬಿಡುವುದನ್ನು ಇಲ್ಲಿ ಮೌನ ಪರಿವರ್ತನೆ ಎಂದು ಕರೆದಿದೆ. ದತ್ತಾಂಶದ ಆಕಾರವನ್ನು ಮೊದಲೇ ಬರೆದಿಟ್ಟ ವಿವರಣೆ ಸ್ಕೀಮಾ.

ಪಾರ್ಸಿಂಗ್ ಮತ್ತು ತಪಾಸಣೆಗಳ ನಡುವಿನ ವ್ಯತ್ಯಾಸ ಮುಖ್ಯವಾದದ್ದು. ತಪಾಸಣೆ ಮಾತ್ರ ಮಾಡಿದರೆ ಕೈಯಲ್ಲಿ ಉಳಿಯುವುದು ಅದೇ ಅಕ್ಷರಸಾಲು. ಅದು ತಪಾಸಣೆಯಾಗಿದೆ ಎಂಬುದು ಮುಂದಿನ ಕೋಡಿಗೆ ತಿಳಿಯುವುದಿಲ್ಲ. ಪಾರ್ಸಿಂಗ್ ಮಾಡಿದರೆ ಸಿಗುವುದು ಹೊಸ ಪ್ರಕಾರದ ಮೌಲ್ಯ, ತಪಾಸಣೆಯಾದ ಗುರುತು ಅದರ ಪ್ರಕಾರದಲ್ಲೇ ಇರುತ್ತದೆ. ಅಲೆಕ್ಸಿಸ್ ಕಿಂಗ್ 2019ರಲ್ಲಿ ಹ್ಯಾಸ್ಕೆಲ್ ಭಾಷೆಯನ್ನು ಆಧರಿಸಿ ಬರೆದ ಪ್ರಬಂಧದಿಂದ ಈ ವಿಚಾರ ವೆಬ್ ಪ್ರೋಗ್ರಾಮರ್‌ಗಳಲ್ಲಿ ವ್ಯಾಪಕವಾಗಿ ಹರಡಿತು.

ಉಗಮ

ವೆಬ್‌ನ ಅರ್ಜಿ ನಮೂನೆಗಳು 1990ರ ದಶಕದ ಮೊದಲರ್ಧದಲ್ಲಿ ರೂಪುಗೊಂಡು 1995ರ ಎಚ್‌ಟಿಎಂಎಲ್ 2.0 ಮಾನಕದಲ್ಲಿ ಸೇರಿದವು. ಅವು ಸರ್ವರಿಗೆ ಕಳಿಸುತ್ತಿದ್ದುದು ಹೆಸರು ಮತ್ತು ಅಕ್ಷರಸಾಲುಗಳ ಜೋಡಿಗಳನ್ನು ಮಾತ್ರ. ವಯಸ್ಸು 45 ಎಂದು ತುಂಬಿದರೂ ಹೋಗುವುದು 4 ಮತ್ತು 5 ಎಂಬ ಎರಡು ಅಕ್ಷರ. ಇಂದಿಗೂ ಇದು ಬದಲಾಗಿಲ್ಲ. 2014ರಲ್ಲಿ ಮಾನಕವಾದ ಎಚ್‌ಟಿಎಂಎಲ್ 5 ಸಂಖ್ಯೆ, ದಿನಾಂಕಗಳಿಗೆ ಬೇರೆ ಬೇರೆ ಖಾನೆಗಳನ್ನು ಕೊಟ್ಟರೂ ಸರ್ವರಿಗೆ ತಲುಪುವುದು ಅಕ್ಷರಸಾಲೇ. ಬ್ರೌಸರಿನಲ್ಲಿ ಮಾಡಿದ ತಪಾಸಣೆ ಅರ್ಜಿ ತುಂಬುವವರ ಅನುಕೂಲಕ್ಕೆ ಮಾತ್ರ. ಬ್ರೌಸರಿಲ್ಲದೆಯೂ ಯಾರು ಬೇಕಾದರೂ ಸರ್ವರಿಗೆ ಬೇಕಾದ್ದನ್ನು ಕಳಿಸಬಹುದಾದ್ದರಿಂದ ಸರ್ವರ್ ಮತ್ತೆ ಓದಲೇಬೇಕು.

1995ರಲ್ಲೇ ಬಂದ ಜಾವಾಸ್ಕ್ರಿಪ್ಟ್ ಮತ್ತು ಪಿಎಚ್‌ಪಿ ಎರಡೂ ಮೌನ ಪರಿವರ್ತನೆಗೆ ಧಾರಾಳವಾಗಿ ಅವಕಾಶ ಕೊಟ್ಟವು. ಎಲ್ಲವೂ ಅಕ್ಷರಸಾಲಾಗಿ ಬರುವ ಜಾಗದಲ್ಲಿ ಅದು ಅನುಕೂಲವಾಗಿ ಕಂಡಿತು. 2001ರಲ್ಲಿ ಎಕ್ಸ್‌ಎಂಎಲ್ ಸ್ಕೀಮಾ ಪ್ರಕಾರಗಳನ್ನು ಬರೆದಿಡುವ ವಿಸ್ತಾರವಾದ ವಿಧಾನ ಕೊಟ್ಟಿತು. ಡಗ್ಲಾಸ್ ಕ್ರಾಕ್‌ಫರ್ಡ್ ಪ್ರಚಾರಕ್ಕೆ ತಂದ ಜೇಸನ್ ಎಕ್ಸ್‌ಎಂಎಲ್‌ಗಿಂತ ಹಗುರವಾಗಿದ್ದು ಅದರ ಜಾಗ ಹಿಡಿಯಿತು. ಆದರೆ ಜೇಸನ್‌ನಲ್ಲಿ ಅಕ್ಷರಸಾಲು, ಸಂಖ್ಯೆ, ಸತ್ಯ-ಸುಳ್ಳು, ಶೂನ್ಯಮೌಲ್ಯ, ಪಟ್ಟಿ, ವಸ್ತು ಇಷ್ಟೇ ಇವೆ. ದಿನಾಂಕವಿಲ್ಲ, ಹಣವಿಲ್ಲ, ಅಳತೆಯ ಮಾನವಿಲ್ಲ. ಇವನ್ನೆಲ್ಲ ಸ್ವೀಕರಿಸುವವರೇ ಕಟ್ಟಿಕೊಳ್ಳಬೇಕಾಯಿತು.

ಅಂತರಜಾಲದ ಆರಂಭದಲ್ಲಿ ಜಾನ್ ಪೋಸ್ಟೆಲ್ 1980ರ ಟಿಸಿಪಿ ದಾಖಲೆಯಲ್ಲಿ ಬರೆದ ಒಂದು ಸೂತ್ರ ಬಹುಕಾಲ ಮಾರ್ಗದರ್ಶಿಯಾಗಿತ್ತು: ಕಳಿಸುವಾಗ ಬಿಗಿ, ಸ್ವೀಕರಿಸುವಾಗ ಉದಾರ. ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸಲು ಅದು ನೆರವಾಯಿತು. ಅರ್ಥ ಗೊತ್ತಿಲ್ಲದ ದತ್ತಾಂಶವನ್ನು ಊಹಿಸಿ ಒಳಗೆ ಬಿಟ್ಟುಕೊಳ್ಳುವ ರೂಢಿಗೂ ಅದೇ ಆಧಾರವಾಯಿತು ಎಂಬ ಆಕ್ಷೇಪ ಈಗ ಬಲವಾಗಿದೆ.

ಹಂತಗಳು

ಪರಿವರ್ತನೆ ಸಾಮಾನ್ಯವಾಗಿ ಈ ಅನುಕ್ರಮದಲ್ಲಿ ನಡೆಯುತ್ತದೆ. ಮೊದಲು ಗಾತ್ರದ ಮಿತಿ. ಎಷ್ಟು ಬೈಟ್, ಎಷ್ಟು ಆಳದ ಗೂಡುಗಳು ಎಂಬುದನ್ನು ಓದುವ ಮೊದಲೇ ಕಟ್ಟಿಹಾಕಬೇಕು. ಆಮೇಲೆ ಬೈಟ್‌ಗಳನ್ನು ಯುಟಿಎಫ್-8 ಅಕ್ಷರಗಳಾಗಿ ಬಿಡಿಸುವುದು, ಅಕ್ಷರಗಳನ್ನು ಒಂದೇ ಸಿದ್ಧರೂಪಕ್ಕೆ ತರುವುದು, ವ್ಯಾಕರಣದಂತೆ ಓದುವುದು, ಮೌಲ್ಯ ತನ್ನ ಮಿತಿಯಲ್ಲಿದೆಯೇ ನೋಡುವುದು. ಕೊನೆಗೆ ಖಾನೆ ಖಾನೆಗಳ ನಡುವಿನ ಸಂಬಂಧದ ತಪಾಸಣೆ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬಿನ ಅ ಮತ್ತು ಬ ಭಾಗಗಳನ್ನು ಕಳೆದರೆ ಉಳಿದ ವಿಸ್ತೀರ್ಣ ಬರಬೇಕು. ನಾಲ್ಕು ಖಾನೆಗಳೂ ಬಿಡಿಬಿಡಿಯಾಗಿ ಸರಿಯಿದ್ದು ಲೆಕ್ಕ ಕೂಡದಿದ್ದರೆ ದಾಖಲೆ ತಪ್ಪೇ.

ಖಾಲಿ ಖಾನೆಗೆ ವಿಶೇಷ ಎಚ್ಚರ ಬೇಕು. ಜಾವಾಸ್ಕ್ರಿಪ್ಟ್ ಖಾಲಿ ಅಕ್ಷರಸಾಲನ್ನು ಸಂಖ್ಯೆಯಾಗಿಸಿದರೆ 0 ಕೊಡುತ್ತದೆ. ವಿಸ್ತೀರ್ಣ ಬರೆದಿಲ್ಲ ಎಂಬುದಕ್ಕೂ ವಿಸ್ತೀರ್ಣ ಸೊನ್ನೆ ಎಂಬುದಕ್ಕೂ ರೈತನ ಪಾಲಿಗೆ ಬಹಳ ವ್ಯತ್ಯಾಸವಿದೆ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಎರಡರಲ್ಲೂ ‘ಫಾಲ್ಸ್’ ಎಂಬ ಅಕ್ಷರಸಾಲನ್ನು ನೇರವಾಗಿ ಸತ್ಯ-ಸುಳ್ಳಿಗೆ ಪರಿವರ್ತಿಸಿದರೆ ಬರುವ ಉತ್ತರ ‘ಸತ್ಯ’, ಏಕೆಂದರೆ ಅವು ನೋಡುವುದು ಅಕ್ಷರಸಾಲು ಖಾಲಿಯೇ ಅಲ್ಲವೇ ಎಂಬುದನ್ನು ಮಾತ್ರ. ಗುರುತು ಹಾಕದ ಚೌಕದ ಖಾನೆಯನ್ನು ಬ್ರೌಸರ್ ಕಳಿಸುವುದೇ ಇಲ್ಲ.

ಅಳತೆ: ಎಕರೆ, ಗುಂಟೆ, ಆಣೆ

ಕರ್ನಾಟಕದ ಜಮೀನಿನ ಲೆಕ್ಕದಲ್ಲಿ 1 ಎಕರೆಗೆ 40 ಗುಂಟೆ, 1 ಗುಂಟೆಗೆ 16 ಆಣೆ. ಹಣದಲ್ಲಿ ಆಣೆ 1957ರ ಏಪ್ರಿಲ್ 1ರಂದು ದಶಮಾಂಶಕ್ಕೆ ದಾರಿ ಬಿಟ್ಟಿತು. ಜಮೀನಿನಲ್ಲಿ ಉಳಿದುಕೊಂಡಿತು. ಮೂರು ಎಕರೆ ಇಪ್ಪತ್ತು ಗುಂಟೆಯನ್ನು ಬರವಣಿಗೆಯಲ್ಲಿ 3-20 ಅಥವಾ 3.20 ಎಂದು ಹಾಕುತ್ತಾರೆ. ಇಲ್ಲಿರುವ ಚುಕ್ಕಿ ದಶಮಾಂಶ ಬಿಂದುವಲ್ಲ, ಎರಡು ಮಾನಗಳ ನಡುವಿನ ಗೆರೆ. ಕೊಡೇಕಲ್ಲಿನ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಹೇಳಿಕೊಡಬೇಕಾಗಿರುವುದು ಕಂಪ್ಯೂಟರಿಗೆ.

ಸಾಮಾನ್ಯ ಸಂಖ್ಯಾ ಪಾರ್ಸರ್ 3.20 ಎಂಬುದನ್ನು ತಕರಾರಿಲ್ಲದೆ ಓದುತ್ತದೆ. ಆಗ ಜಮೀನು 3.2 ಎಕರೆ, ಎಂದರೆ 3 ಎಕರೆ 8 ಗುಂಟೆ ಆಗುತ್ತದೆ. ಹನ್ನೆರಡು ಗುಂಟೆ ಮಾಯ. ಒಂದು ಗುಂಟೆಗೆ 1,089 ಚದರಡಿಯಂತೆ ಅದು 13,068 ಚದರಡಿ. ಇನ್ನೂ ಕೆಟ್ಟದ್ದೆಂದರೆ, ಕೊನೆಯ ಸೊನ್ನೆ ಬಿದ್ದುಹೋಗುವುದರಿಂದ 3 ಎಕರೆ 2 ಗುಂಟೆ ಎಂಬ ಅರ್ಥದ 3.2 ಮತ್ತು 3 ಎಕರೆ 20 ಗುಂಟೆ ಎಂಬ ಅರ್ಥದ 3.20 ಒಂದೇ ಸಂಖ್ಯೆಯಾಗುತ್ತವೆ. ಒಮ್ಮೆ ಹೀಗೆ ಉಳಿಸಿಟ್ಟರೆ ಯಾವುದು ಯಾವುದಾಗಿತ್ತೆಂದು ಆ ಸಂಖ್ಯೆಯಿಂದ ಮತ್ತೆ ತಿಳಿಯಲು ಸಾಧ್ಯವಿಲ್ಲ. ಕೂಡಿಸುವಾಗಲೂ ಹೀಗೆಯೇ: 3.20 ಮತ್ತು 2.30 ಸೇರಿ 5.50 ಎಂದು ಯಂತ್ರ ಹೇಳುತ್ತದೆ, ಸರಿಯಾದ ಉತ್ತರ 6 ಎಕರೆ 10 ಗುಂಟೆ.

ಇದಕ್ಕೆ ಪರಿಹಾರ ವಿಸ್ತೀರ್ಣ ಎಂಬ ಪ್ರತ್ಯೇಕ ಪ್ರಕಾರ. ಅದರ ಪಾರ್ಸರ್ ಅಕ್ಷರಸಾಲನ್ನು ಚುಕ್ಕಿ ಅಥವಾ ಅಡ್ಡಗೆರೆಯಲ್ಲಿ ಒಡೆಯುತ್ತದೆ, ಪ್ರತಿ ತುಂಡೂ ಪೂರ್ಣಾಂಕವೇ ಎಂದು ನೋಡುತ್ತದೆ, ಗುಂಟೆ 0ರಿಂದ 39ರೊಳಗೆ, ಆಣೆ 0ರಿಂದ 15ರೊಳಗೆ ಇರಬೇಕೆಂದು ಕೇಳುತ್ತದೆ. ಒಳಗೆ ಇಟ್ಟುಕೊಳ್ಳುವುದು ಒಂದೇ ಪೂರ್ಣಾಂಕ, ಒಟ್ಟು ಆಣೆಗಳಲ್ಲಿ. 3 ಎಕರೆ 20 ಗುಂಟೆ ಎಂದರೆ 140 ಗುಂಟೆ, ಎಂದರೆ 2,240 ಆಣೆ. ಕೂಡುವುದು ಕಳೆಯುವುದು ಎಲ್ಲ ಆಣೆಯಲ್ಲಿ ನಡೆದು, ತೋರಿಸುವಾಗ ಮಾತ್ರ ಮತ್ತೆ ಎಕರೆ-ಗುಂಟೆ-ಆಣೆಯಾಗುತ್ತದೆ. 5.50 ಎಂದು ಯಾರಾದರೂ ಕಳಿಸಿದರೆ, 50 ಗುಂಟೆ ಇರಲಾರದು ಎಂಬ ಕಾರಣದೊಡನೆ ಅದು ಹಿಂದಿರುಗುತ್ತದೆ. ‘6 ಎಕರೆ 10 ಗುಂಟೆ ಇರಬಹುದು’ ಎಂದು ಪಾರ್ಸರ್ ಊಹಿಸುವುದಿಲ್ಲ, ಏಕೆಂದರೆ ಕಳಿಸಿದವರ ಮನಸ್ಸಿನಲ್ಲಿ ಐದೂವರೆ ಎಕರೆಯೂ ಇದ್ದಿರಬಹುದು.

ರಾಜ್ಯದ ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಕಟ್ಟಿದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪುಸ್ತಕಗಳಿಂದ ಅವನ್ನು ಎತ್ತಿಕೊಂಡದ್ದು ಕನ್ನಡದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ದತ್ತಾಂಶ ಪರಿವರ್ತನೆಯ ಕೆಲಸಗಳಲ್ಲಿ ಮೊದಲ ಸಾಲಿನದು.

ಗುರುತುಗಳು

ಅಂಕಿಗಳಲ್ಲಿ ಬರೆದದ್ದೆಲ್ಲ ಸಂಖ್ಯೆಯಲ್ಲ. ಕೂಡಿಸಿದರೆ ಕಳೆದರೆ ಅರ್ಥ ಬರುವುದು ಸಂಖ್ಯೆ, ಉಳಿದದ್ದು ಗುರುತು. ಸರ್ವೆ ನಂಬರು, ಪಿನ್ ಕೋಡ್, ಆಧಾರ್, ಬ್ಯಾಂಕ್ ಖಾತೆ ಇವು ಗುರುತುಗಳು. ಇವನ್ನು ಅಕ್ಷರಸಾಲಾಗಿಯೇ, ಆದರೆ ತಮ್ಮದೇ ಪ್ರಕಾರದಲ್ಲಿ ಇಡಬೇಕು.

ಭೂಮಿ ದಾಖಲೆಯಲ್ಲಿ ಜಮೀನಿನ ಗುರುತು ಸರ್ವೆ ನಂಬರು, ಸರ್‌ನಾಕ್, ಹಿಸ್ಸಾ ಎಂಬ ಮೂರು ಭಾಗಗಳದು. ಸರ್‌ನಾಕ್ ಜಾಗದಲ್ಲಿ ಹೆಚ್ಚಾಗಿ ನಕ್ಷತ್ರದ ಚಿಹ್ನೆ ಇರುತ್ತದೆ. ಇದನ್ನು 12/5 ಎಂದು ಚಿಕ್ಕದಾಗಿ ಬರೆದು ಸ್ಪ್ರೆಡ್‌ಶೀಟಿಗೆ ಹಾಕಿದರೆ ಅದು ದಿನಾಂಕವಾಗಿಬಿಡುತ್ತದೆ, ಕಂಪ್ಯೂಟರಿನ ಪ್ರಾದೇಶಿಕ ಹೊಂದಾಣಿಕೆಯಂತೆ ಮೇ 12 ಅಥವಾ ಡಿಸೆಂಬರ್ 5. ಇದೇ ಕಾರಣಕ್ಕೆ ಮಾನವ ವಂಶವಾಹಿಗಳ ನಾಮಕರಣ ಸಮಿತಿ 2020ರಲ್ಲಿ ತಿಂಗಳ ಹೆಸರಿನಂತೆ ಕಾಣುವ ಹಲವು ವಂಶವಾಹಿಗಳ ಸಂಕೇತಗಳನ್ನೇ ಬದಲಾಯಿಸಬೇಕಾಯಿತು. ಸರ್ವೆ ನಂಬರನ್ನು ಹಾಗೆ ಬದಲಾಯಿಸಲು ಬರುವುದಿಲ್ಲ.

ಬ್ಯಾಂಕ್ ಖಾತೆಯ ಸಂಖ್ಯೆ ಸೊನ್ನೆಯಿಂದ ಶುರುವಾಗಬಹುದು, 18 ಅಂಕಿಯವರೆಗೂ ಇರಬಹುದು. ಸಂಖ್ಯೆಯಾಗಿ ಓದಿದರೆ ಮುಂದಿನ ಸೊನ್ನೆ ಬೀಳುತ್ತದೆ. ಜೊತೆಗೆ ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡಿದಿಡಬಲ್ಲ ಪೂರ್ಣಾಂಕ 9,00,71,99,25,47,40,991ರವರೆಗೆ ಮಾತ್ರ. ಅದನ್ನು ಮೀರಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು. ಟ್ವಿಟರ್ ತನ್ನ ಗುರುತುಸಂಖ್ಯೆಗಳನ್ನು 2010ರಲ್ಲಿ ಅಕ್ಷರಸಾಲಾಗಿಯೂ ಕಳಿಸತೊಡಗಿದ್ದು ಇದೇ ಮಿತಿಯಿಂದ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ವೆರ್‌ಹೂಫ್ ವಿಧಾನದ ತಾಳೆ ಅಂಕಿ, ಒಂದು ಅಂಕಿ ತಪ್ಪಿದರೂ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಪಾರ್ಸರ್ ಅಲ್ಲೇ ಹಿಡಿಯಬಹುದು. ಐಎಫ್‌ಎಸ್‌ಸಿಯ 11 ಚಿಹ್ನೆಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಬಂದರೆ ಅದು ಬೆರಳಚ್ಚಿನ ತಪ್ಪು.

ಅಂಕಿ, ಹಣ, ದಿನಾಂಕ

ಕನ್ನಡ ಅಂಕಿಗಳಿಗೆ ಯುನಿಕೋಡ್‌ನಲ್ಲಿ ಪ್ರತ್ಯೇಕ ಸ್ಥಾನವಿದೆ. ೧೨ ಎಂಬುದನ್ನು ಪೈಥಾನ್‌ನ ಮತ್ತು ಜಾವಾದ ಪೂರ್ಣಾಂಕ ಪಾರ್ಸರ್‌ಗಳು 12 ಎಂದು ಓದುತ್ತವೆ, ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯಲ್ಲ ಎನ್ನುತ್ತದೆ. ಬ್ರೌಸರ್‌ನಲ್ಲಿ ಒಂದು ಭಾಷೆ, ಸರ್ವರ್‌ನಲ್ಲಿ ಇನ್ನೊಂದು ಇದ್ದಲ್ಲಿ ಒಂದೇ ಅರ್ಜಿಗೆ ಎರಡು ತೀರ್ಪು ಬರುತ್ತವೆ. ಕನ್ನಡ ಅಂಕಿ ಒಪ್ಪುವುದಾದರೆ ಸಿದ್ಧರೂಪಕ್ಕೆ ತರುವ ಹಂತದಲ್ಲೇ ಎಲ್ಲವನ್ನೂ ಒಂದೇ ಬಗೆಯ ಅಂಕಿಗೆ ತರುವುದು ಉಚಿತ. ಕನ್ನಡ ಸೊನ್ನೆ ೦ ಮತ್ತು ಅನುಸ್ವಾರ ಕಣ್ಣಿಗೆ ಒಂದೇ. ಹಳೆಯ ಬೆರಳಚ್ಚಿನಲ್ಲಿ ಅನುಸ್ವಾರದ ಜಾಗಕ್ಕೆ ಸೊನ್ನೆ ಹಾಕಿದ ಪದಗಳು ಇಂದೂ ಹುಡುಕಾಟಕ್ಕೆ ಸಿಗದೆ ಉಳಿದಿವೆ.

1,25,000 ಎಂಬ ಮೊತ್ತವನ್ನು ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಕ್ರಿಯೆ ಮೊದಲ ಅಲ್ಪವಿರಾಮದಲ್ಲೇ ನಿಂತು 1 ಎಂದು ಕೊಡುತ್ತದೆ, ದೋಷವನ್ನೂ ಹೇಳುವುದಿಲ್ಲ. ಬೆಳೆ ಪರಿಹಾರದ ಅರ್ಜಿಯಲ್ಲಿ ಇದು ಏನು ಮಾಡೀತೆಂದು ಯೋಚಿಸಬಹುದು. ಅಕ್ಷರಸಾಲು ಕೊನೆಯವರೆಗೂ ಓದಿಸಿಕೊಂಡಿತೇ ಎಂದು ಕೇಳುವುದು ಸುರಕ್ಷಿತ ಪಾರ್ಸಿಂಗ್‌ನ ಮೂಲ ನಿಯಮ. ಹಣವನ್ನು ತೇಲುಬಿಂದು ಸಂಖ್ಯೆಯಾಗಿ ಇಡದೆ ಪೈಸೆಯ ಪೂರ್ಣಾಂಕವಾಗಿ ಅಥವಾ ದಶಮಾಂಶ ಪ್ರಕಾರದಲ್ಲಿ ಇಡುತ್ತಾರೆ.

04/05/2024 ನಮ್ಮಲ್ಲಿ ಮೇ 4, ಅಮೆರಿಕದಲ್ಲಿ ಏಪ್ರಿಲ್ 5. ಬ್ರೌಸರ್‌ಗಳ ಜಾವಾಸ್ಕ್ರಿಪ್ಟ್ ಓದುವುದು ಅಮೆರಿಕದ ರೀತಿಯಲ್ಲಿ. 2024-05-04 ಎಂಬ ಐಎಸ್‌ಒ 8601 ರೂಪದಲ್ಲಿ ಗೊಂದಲವಿಲ್ಲ, ಆದರೆ ಅದನ್ನೂ ಜಾವಾಸ್ಕ್ರಿಪ್ಟ್ ವಿಶ್ವಸಮಯದ ಮಧ್ಯರಾತ್ರಿ ಎಂದು ತಿಳಿಯುತ್ತದೆ. ಭಾರತದಲ್ಲಿ ಅದು ಬೆಳಗಿನ 5:30, ನ್ಯೂಯಾರ್ಕಿನಲ್ಲಿ ಹಿಂದಿನ ದಿನ. ಹುಟ್ಟಿದ ದಿನ, ಬಿತ್ತನೆಯ ದಿನ ಇವು ಗಡಿಯಾರದ ಕ್ಷಣಗಳಲ್ಲ, ಪಂಚಾಂಗದ ದಿನಗಳು. ಇವೆರಡಕ್ಕೂ ಬೇರೆ ಬೇರೆ ಪ್ರಕಾರ ಬೇಕು.

ಊರಿನ ಹೆಸರು

ಕೊಡೇಕಲ್ ಎಂಬ ಪದವೇ ಅಕ್ಷರಸಾಲಿನ ತೊಡಕಿಗೆ ಒಳ್ಳೆಯ ಮಾದರಿ. ಓದುವವರಿಗೆ ಅದು ನಾಲ್ಕು ಅಕ್ಷರ: ಕೊ, ಡೇ, ಕ, ಲ್. ಯುನಿಕೋಡ್‌ನ ಸಂಯುಕ್ತ ರೂಪದಲ್ಲಿ 7 ಸಂಕೇತಬಿಂದು, ಯುಟಿಎಫ್-8ರಲ್ಲಿ 21 ಬೈಟ್. ಒಕಾರ ಮತ್ತು ಏಕಾರದ ಚಿಹ್ನೆಗಳನ್ನು ಅವುಗಳ ತುಂಡುಗಳಾಗಿ ಬಿಡಿಸಿ ಬರೆದರೆ ಅದೇ ಪದಕ್ಕೆ 9 ಸಂಕೇತಬಿಂದು, 27 ಬೈಟ್. ಪರದೆಯ ಮೇಲೆ ಎರಡೂ ಒಂದೇ ತೆರ. ಬೈಟ್ ಹೋಲಿಸುವ ಯಂತ್ರಕ್ಕೆ ಎರಡು ಬೇರೆ ಊರು. ಆದ್ದರಿಂದ ಹೆಸರನ್ನು ಉಳಿಸುವ ಮುನ್ನ ಸಂಯುಕ್ತ ರೂಪಕ್ಕೆ ತರುವುದು ರೂಢಿ. ಅರ್ಕಾವತ್ತು ಬಾರದಂತೆ ಮಾಡಲೂ ‘ಕೊಡೇಕಲ್‌ನಲ್ಲಿ’ ಎಂಬಂಥ ಪದಗಳಿಗೂ ಬಳಸುವ ಕಾಣದ ಜೋಡುಚಿಹ್ನೆಗಳನ್ನು ಈ ಕ್ರಿಯೆ ತೆಗೆಯುವುದಿಲ್ಲ. ತೋರಿಸಲು ಅವು ಬೇಕು, ಹೋಲಿಸುವಾಗ ಬಿಡಬೇಕು. ಯುನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳು ಇನ್ನೊಂದು ಸಮಸ್ಯೆ. ಅವುಗಳ ಬೈಟ್‌ಗಳು ಲ್ಯಾಟಿನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ, ಪರಿವರ್ತಕದಿಂದ ಹಾಯಿಸದೆ ಅವನ್ನು ಕನ್ನಡ ಎನ್ನಲಾಗದು.

ಲಿಪಿ ಸರಿಯಾದರೂ ಕಾಗುಣಿತ ಉಳಿಯುತ್ತದೆ. ಕಾಲಜ್ಞಾನದ ಪರಂಪರೆಯ ಬಸವಣ್ಣನ ಹೆಸರಿನೊಂದಿಗೆ ಊರು ಕೊಡೇಕಲ್ಲ ಎಂದೂ ಬರುತ್ತದೆ. ಸುರಪುರ ಮತ್ತು ಶೋರಾಪುರ ಒಂದೇ, ಯಾದಗಿರಿ ಮತ್ತು ಯಾದಗೀರ್ ಒಂದೇ. ಆಡಳಿತದ ಮೇಲಿನ ಸಾಲೂ ಬದಲಾಗಿದೆ. ಕೊಡೇಕಲ್ ಮೊದಲು ಗುಲಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿತ್ತು. 2010ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ನೆಲೆಗೊಂಡಿತು, 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿ ಆಯಿತು, ಆಮೇಲೆ ಹುಣಸಗಿ ತಾಲ್ಲೂಕಾಗಿ ಕೊಡೇಕಲ್ ಅದಕ್ಕೆ ಸೇರಿತು. ಮೂರು ಕಾಲದ ಮೂರು ವಿಳಾಸಗಳೂ ತಮ್ಮ ತಮ್ಮ ತಾರೀಖಿಗೆ ಸರಿ. ಹಾಗಾಗಿ ಊರನ್ನು ಹೆಸರಿನಿಂದಲ್ಲ, ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶ ಕೊಡುವಂಥ ಸಂಕೇತದಿಂದ ಗುರುತಿಸಿ, ಜೊತೆಗೆ ದಾಖಲೆಯ ದಿನಾಂಕವನ್ನು ಇಡುವುದು ಭದ್ರವಾದ ಪದ್ಧತಿ.

ವಿಧಗಳು

ಸ್ಕೀಮಾ ಆಧಾರಿತ ಪರಿವರ್ತನೆಯಲ್ಲಿ ದತ್ತಾಂಶದ ಆಕಾರವನ್ನು ಭಾಷೆಯ ಹೊರಗೆ ಬರೆದಿಡುತ್ತಾರೆ. ಜೇಸನ್ ಸ್ಕೀಮಾ, ಓಪನ್‌ಎಪಿಐ, ಪ್ರೋಟೋಕಾಲ್ ಬಫರ್ಸ್ ಈ ಬಗೆಯವು. ಪ್ರಕಾರ ಆಧಾರಿತದಲ್ಲಿ ಭಾಷೆಯ ಪ್ರಕಾರ ಘೋಷಣೆಯಿಂದಲೇ ಪಾರ್ಸರ್ ಹುಟ್ಟುತ್ತದೆ: ರಸ್ಟ್‌ನ ಸರ್ಡೆ, ಜಾವಾದ ಜಾಕ್ಸನ್, ಪೈಥಾನ್‌ನ ಪೈಡಾಂಟಿಕ್. ಸಂಯೋಜಕ ವಿಧದಲ್ಲಿ ಚಿಕ್ಕ ಪಾರ್ಸರ್‌ಗಳನ್ನು ಜೋಡಿಸಿ ದೊಡ್ಡದನ್ನು ಕಟ್ಟುತ್ತಾರೆ. ಎಲ್ಮ್ ಭಾಷೆಯ ಡಿಕೋಡರ್‌ಗಳೂ ಟೈಪ್‌ಸ್ಕ್ರಿಪ್ಟ್‌ಗಾಗಿ 2020ರಲ್ಲಿ ಬಂದ ಝಾಡ್ ಲೈಬ್ರರಿಯೂ ಹೀಗಿವೆ. ಮೈಕ್ರೋಸಾಫ್ಟ್ 2012ರಲ್ಲಿ ಹೊರತಂದ ಟೈಪ್‌ಸ್ಕ್ರಿಪ್ಟ್‌ನ ಪ್ರಕಾರಗಳು ಕೋಡ್ ಓಡುವಾಗ ಅಳಿಸಿಹೋಗಿರುತ್ತವೆ. ಹೊರಗಿನ ದತ್ತಾಂಶಕ್ಕೆ ಒಂದು ಪ್ರಕಾರದ ಹೆಸರಿಟ್ಟ ಮಾತ್ರಕ್ಕೆ ಅದು ಆ ಪ್ರಕಾರದ್ದಾಗುವುದಿಲ್ಲ, ಆದ್ದರಿಂದಲೇ ಅಲ್ಲಿ ಇಂಥ ಲೈಬ್ರರಿ ಬೇಕಾಯಿತು.

ಇನ್ನೊಂದು ವಿಭಾಗ ಬಿಗಿ ಮತ್ತು ಸಡಿಲ ಎಂಬುದು. ಸಡಿಲ ವಿಧಾನ ‘12’ ಎಂಬ ಅಕ್ಷರಸಾಲನ್ನು 12 ಎಂದು ಒಪ್ಪುತ್ತದೆ, ಬಿಗಿ ವಿಧಾನ ಒಪ್ಪುವುದಿಲ್ಲ. ಬ್ರೌಸರಿನ ಅರ್ಜಿಗೆ ಸಡಿಲವೇ ಗತಿ. ಎರಡು ಸರ್ವರ್‌ಗಳ ನಡುವೆ ಬಿಗಿ ಮೇಲು.

ಭದ್ರತೆ

ಪ್ರಕಾರವನ್ನು ನಿರ್ಧರಿಸಬೇಕಾದವರು ಸ್ವೀಕರಿಸುವವರು. ಆ ಅಧಿಕಾರ ಕಳಿಸುವವರ ಕೈಗೆ ಹೋದಲ್ಲಿ ದೊಡ್ಡ ದಾಳಿಗಳಿಗೆ ದಾರಿಯಾಗಿದೆ. 2013ರ ಜನವರಿಯಲ್ಲಿ ರೂಬಿ ಆನ್ ರೈಲ್ಸ್‌ನಲ್ಲಿ ಬಯಲಾದ ದೋಷ ಇದರ ಸ್ಪಷ್ಟ ಉದಾಹರಣೆ. ಎಕ್ಸ್‌ಎಂಎಲ್ ವಿನಂತಿಯಲ್ಲಿ ಕಳಿಸುವವರೇ ಮೌಲ್ಯದ ಪ್ರಕಾರ ಯಾಮಲ್ ಎಂದು ಬರೆಯಬಹುದಿತ್ತು, ಅದನ್ನು ನಂಬಿ ತೆರೆದ ಸರ್ವರ್‌ನಲ್ಲಿ ಅವರ ಕೋಡ್ ಓಡಬಹುದಿತ್ತು. ಜಾವಾದ ವಸ್ತುಗಳನ್ನು ಬೈಟ್‌ಗಳಿಂದ ಮರುಕಟ್ಟುವ ವಿಧಾನದಲ್ಲಿ ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಲೈಬ್ರರಿಯ ಮೂಲಕ ದಾಳಿ ಸಾಧ್ಯವೆಂದು 2015ರಲ್ಲಿ ತಿಳಿಯಿತು. ಒವಾಸ್ಪ್ ಸಂಸ್ಥೆಯ 2017ರ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಅಸುರಕ್ಷಿತ ಡಿಸೀರಿಯಲೈಸೇಷನ್, ಎಂದರೆ ಇಂಥ ಮರುಕಟ್ಟುವಿಕೆ, ಸ್ಥಾನ ಪಡೆಯಿತು. ಪೈಥಾನ್‌ನ ಪಿಕಲ್, ಪಿಎಚ್‌ಪಿಯ ಅನ್‌ಸೀರಿಯಲೈಸ್ ಇವನ್ನು ಹೊರಗಿನ ದತ್ತಾಂಶಕ್ಕೆ ಬಳಸಬಾರದೆಂದು ಅವುಗಳ ಕೈಪಿಡಿಗಳೇ ಎಚ್ಚರಿಸುತ್ತವೆ.

ಪಾಸ್‌ವರ್ಡ್ ಖಾನೆಯಲ್ಲಿ ಅಕ್ಷರಸಾಲಿನ ಬದಲು ‘ಇದಕ್ಕೆ ಸಮನಲ್ಲದ್ದು’ ಎಂಬ ಅರ್ಥದ ವಸ್ತುವನ್ನು ಕಳಿಸಿ ಮೊಂಗೊಡಿಬಿ ಬಳಸುವ ಅಪ್ಲಿಕೇಶನ್ನಿಗೆ ನುಸುಳುವುದು ಇನ್ನೊಂದು ಬಗೆ. ಖಾನೆ ಅಕ್ಷರಸಾಲೇ ಆಗಿರಬೇಕೆಂಬ ಒಂದು ಸಾಲಿನ ಪಾರ್ಸರ್ ಅದನ್ನು ತಡೆಯುತ್ತದೆ. ಅರ್ಜಿಯಲ್ಲಿಲ್ಲದ ಖಾನೆಯನ್ನು ಸೇರಿಸಿ ಕಳಿಸಿ ಅಧಿಕಾರ ಪಡೆಯುವ ದೋಷ 2012ರಲ್ಲಿ ಗಿಟ್‌ಹಬ್‌ನಲ್ಲಿ ಕಂಡಿತು. ಒಪ್ಪಿದ ಖಾನೆಗಳನ್ನು ಮಾತ್ರ ತೆಗೆದುಕೊಳ್ಳುವ ಕ್ರಮ ಆಮೇಲೆ ರೈಲ್ಸ್ 4ರಲ್ಲಿ ಕಡ್ಡಾಯವಾಯಿತು. ಪ್ರಕಾರ ಸರಿಯಿದ್ದರೂ ಎಸ್‌ಕ್ಯುಎಲ್ ಪ್ರಶ್ನೆಗೆ ಮೌಲ್ಯವನ್ನು ಅಂಟಿಸದೆ ನಿಯತಾಂಕವಾಗಿ ಕೊಡುವುದು, ತೋರಿಸುವಾಗ ಎಚ್‌ಟಿಎಂಎಲ್ ಚಿಹ್ನೆಗಳನ್ನು ಮರೆಸುವುದು ಬೇರೆಯೇ ಆಗಿ ಬೇಕು.

ಈಗಿನ ಸ್ಥಿತಿ

2017ರಲ್ಲಿ ಶುರುವಾದ ಪೈಡಾಂಟಿಕ್‌ನ ಎರಡನೆಯ ಆವೃತ್ತಿ 2023ರಲ್ಲಿ ರಸ್ಟ್‌ನಲ್ಲಿ ಬರೆದ ತಿರುಳಿನೊಂದಿಗೆ, ಬಿಗಿ ವಿಧಾನದ ಆಯ್ಕೆಯೊಂದಿಗೆ ಬಂತು. 2021ರ ಓಪನ್‌ಎಪಿಐ 3.1 ಜೇಸನ್ ಸ್ಕೀಮಾದೊಂದಿಗೆ ಹೊಂದಿಕೊಂಡಿತು. ಪಂಚಾಂಗದ ದಿನಕ್ಕೂ ಗಡಿಯಾರದ ಕ್ಷಣಕ್ಕೂ ಬೇರೆ ಪ್ರಕಾರ ಕೊಡುವ ಟೆಂಪೊರಲ್ ಜಾವಾಸ್ಕ್ರಿಪ್ಟ್‌ಗೆ ಬರತೊಡಗಿದೆ. ಭಾಷಾ ಮಾದರಿಗಳು ಕೊಡುವ ಪಠ್ಯವನ್ನೂ ಇದೇ ಸ್ಕೀಮಾಗಳಿಂದ ಹಾಯಿಸುವುದು ರೂಢಿಯಾಗಿದೆ.

ಕರ್ನಾಟಕದಲ್ಲಿ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಭೂಮಿ ದಾಖಲೆಯೊಂದಿಗೆ ಜೋಡಿಸಿಕೊಂಡಿದೆ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲಿ ಹೆಸರಿನ ಕಾಗುಣಿತ ಬೇರೆಯಿದ್ದಾಗ ಏನು ಮಾಡಬೇಕೆಂಬುದು ಈ ಜೋಡಣೆಗಳ ದೊಡ್ಡ ಪ್ರಶ್ನೆ. ಹೆಸರು ಹೋಲುತ್ತದೆ ಎಂಬುದು ಅಂದಾಜು, ಒಬ್ಬರೇ ಎಂಬುದು ತೀರ್ಮಾನ. ಇವನ್ನು ಎರಡು ಬೇರೆ ಪ್ರಕಾರಗಳಾಗಿ ಇಟ್ಟು, ಅಂದಾಜು ತೀರ್ಮಾನವಾಗಲು ಒಬ್ಬ ಮನುಷ್ಯನ ಒಪ್ಪಿಗೆ ಬೇಕೆನ್ನುವುದು ನ್ಯಾಯವಾದ ದಾರಿ.

ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿದೆ. ನಿಜಾಮನ ಆಳ್ವಿಕೆಯಲ್ಲಿದ್ದ ಸುರಪುರ, ಶಹಾಪುರ, ಯಾದಗಿರಿ ಭಾಗದ ಹಳೆಯ ಕಂದಾಯ ಕಾಗದಗಳು ಹೆಚ್ಚಾಗಿ ಉರ್ದುವಿನವು. ಅವುಗಳಲ್ಲಿ 1350 ಎಂದಿದ್ದರೆ ಅದು ಫಸಲಿ ವರ್ಷ. 590 ಸೇರಿಸಿದರೆ ಅದು ಶುರುವಾದ ಕ್ರಿಸ್ತಶಕ 1940 ಸಿಗುತ್ತದೆ, ವರ್ಷದ ಹೆಚ್ಚಿನ ತಿಂಗಳುಗಳು ಬೀಳುವುದು 1941ರಲ್ಲಿ. ರೂಪಾಯಿ ಎಂದಿದ್ದರೆ ಅದು ಹೈದರಾಬಾದಿನ ಹಾಲಿ ಸಿಕ್ಕಾ ಇರಬಹುದು, 5-8-0 ಎಂದರೆ ಐದು ರೂಪಾಯಿ ಎಂಟು ಆಣೆ. ಇಂಥ ಕಾಗದದ ಪ್ರತಿ ಖಾನೆಗೂ ಓದಿದ ಮೌಲ್ಯ, ಅದರ ಮಾನ, ಮೂಲದ ಅಕ್ಷರಸಾಲು, ಪುಟದ ಚಿತ್ರದ ಗುರುತು ನಾಲ್ಕನ್ನೂ ಒಟ್ಟಿಗೆ ಇಡುವ ಪ್ರಕಾರ ಬೇಕಾಗುತ್ತದೆ. ಓದಲು ಬಾರದ ಖಾನೆಯಲ್ಲಿ ಮೌಲ್ಯದ ಜಾಗ ಖಾಲಿಯಿದ್ದು, ಉಳಿದ ಮೂರು ಹಾಗೆಯೇ ನಿಲ್ಲುತ್ತವೆ.